ಅತ್ತೆಯ ಅರಿಷ್ಟ

ನನಗೆ ಕುಡಿಯಲು ಕಲಿಸಿದವರು ನನ್ನ ಅತ್ತೆ. ಗಾಬರಿಯಾಗಬೇಡಿ, ಅವರು ಏಕಾದಶಿ ತಪ್ಪಿಸದ ಹೆಂಗಸು. ವೈನ್ ಶಾಪ್ ಎದುರಾದರೆ ಸೆರಗನ್ನು ಮೂಗಿಗೊತ್ತಿಕೊಂಡು ರಸ್ತೆಯ ಆಚೆ ಬದಿಗೆ ದಾಟುತ್ತಿದ್ದವರು. ಅವರು ಕಲಿಸಿದ್ದು ಮುಟ್ಟಿನ ನೋವಿಗೆ ಕೊಡುವ ಆಯುರ್ವೇದದ ಅಶೋಕಾರಿಷ್ಟ ಕುಡಿಯುವುದನ್ನು.

ತೊಂಬತ್ತರ ದಶಕದ ಮಾತು. ಶಿವಮೊಗ್ಗದ ಸವಳಂಗ ರಸ್ತೆಯ ನಮ್ಮ ಬಾಡಿಗೆ ಮನೆಯಲ್ಲಿ ಮುಟ್ಟಾದಾಗ ಹೊರಗೆ ಕೂರಲು ಜಾಗವೇ ಇರಲಿಲ್ಲ. ಹಾಲ್‌ನ ಮೂಲೆಯ ಚಾಪೆಯೇ ‘ಹೊರಗೆ’. ಅಲ್ಲಿ ಕೂತವಳನ್ನು ಯಾರೂ ಮುಟ್ಟುವಂತಿಲ್ಲ. ಆದರೆ ಔಷಧಿಗೆ ಮೈಲಿಗೆಯಿಲ್ಲವೆಂಬುದು ಅತ್ತೆಯ ಸ್ವಂತ ಶಾಸ್ತ್ರ. ನನ್ನ ಲೋಟಕ್ಕೆ ಮೇಲಿನಿಂದಲೇ ಅರಿಷ್ಟ ಸುರಿಯುತ್ತಿದ್ದರು. ಹೊಟ್ಟೆನೋವು ಹೋಗುತ್ತಿತ್ತೋ ಇಲ್ಲವೋ, ಲೋಕದ ಮೇಲೆ ಪ್ರೀತಿಯಂತೂ ಹುಟ್ಟುತ್ತಿತ್ತು. ಬಾಟಲಿಯ ಚೀಟಿ ಓದಿದಾಗ ಕಾರಣ ತಿಳಿಯಿತು: ಅದರಲ್ಲಿ ತಾನಾಗಿಯೇ ಹುಟ್ಟಿದ ಆಲ್ಕೋಹಾಲ್ ಇದೆ. ಸ್ವಯಂಭೂ ಎಂದಮೇಲೆ ದೋಷವೆಲ್ಲಿ?

ಆದರೆ ಈ ಸ್ವಯಂಭೂವೂ ತಿಂಗಳ ಲೆಕ್ಕ ನೋಡಿಯೇ ಒಲಿಯುತ್ತಿತ್ತು. ಮುಟ್ಟಿನ ಮುನ್ನಾದಿನ ಕುಡಿದರೆ ಮೊದಲು ನಗು, ಆಮೇಲೆ ಎಂದೋ ಒಡೆದ ಉಪ್ಪಿನಕಾಯಿ ಜಾಡಿ ನೆನೆದು ಅಳು. ಬೇರೆ ದಿನಗಳಲ್ಲಿ ಬರೀ ಆಕಳಿಕೆ. ಅತ್ತೆಗೆ ಮುಟ್ಟು ನಿಂತು ವರ್ಷಗಳೇ ಆಗಿದ್ದರೂ ಊಟದ ನಂತರ ಅವರ ಪಾಲು ತಪ್ಪುತ್ತಿರಲಿಲ್ಲ. ಕೇಳಿದರೆ, “ಮುಟ್ಟು ನಿಂತ್ರೆ ಏನಾಯ್ತು ಮಾರಾಯ್ತಿ, ಸಿಟ್ಟು ಬರ್ಸೋರು ಮನೇಲೇ ಇದಾರಲ್ಲ” ಎಂದು ಮಗನ ಕಡೆ ನೋಡುತ್ತಿದ್ದರು.

ಆ ಮಗ, ಅಂದರೆ ನನ್ನ ಗಂಡ, ಸಂಸ್ಕೃತದ ಮೇಷ್ಟ್ರು. ನನಗೆ ಭದ್ರಾವತಿಯ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತ್ತು. ಹೋಗಲೇಬೇಕೆಂದು ಜೀವ ಒದ್ದಾಡುತ್ತಿತ್ತು. ಮಾತೆತ್ತಿದಾಗಲೆಲ್ಲ ಇವರ ಕಣ್ಣು ಗೋಡೆಯ ಕ್ಯಾಲೆಂಡರಿಗೆ. “ಈಗ ಬೇಡ. ನಿನ್ನ ಮೂಡ್ ಸರಿಹೋಗ್ಲಿ, ಆಮೇಲೆ ಮಾತಾಡೋಣ.” ಸಿಟ್ಟಾದರೆ ಮುಟ್ಟು ಹತ್ತಿರ ಬಂತು, ಅತ್ತರೆ ಬಂದೇಬಿಟ್ಟಿತು, ನಕ್ಕರೆ ಮುಗಿಯಿತು. ಆಸೆ ಮುಟ್ಟಿನದ್ದಲ್ಲ, ನನ್ನದು ಎಂದು ಮಾತ್ರ ಅವರಿಗೆ ಹೊಳೆಯಲೇ ಇಲ್ಲ. ಶಾಲೆಯವರು ಸೋಮವಾರ ಬಂದು ಸೇರಿ, ಇಲ್ಲವೇ ಬಿಡಿ ಎಂದಿದ್ದರು.

ಭಾನುವಾರ ನೆಂಟರ ಮನೆಯ ಉಪನಯನದಲ್ಲಿ ಹೋಳಿಗೆ ಬಾರಿಸಿ ಬಂದ ಇವರು, ಎಲ್ಲ ಅರಿಷ್ಟವೂ ಜೀರ್ಣಕ್ಕೆ ಒಳ್ಳೆಯದೆಂಬ ಪಾಂಡಿತ್ಯದಿಂದ ಅಮ್ಮನ ಬಾಟಲಿ ಬಗ್ಗಿಸಿ ಅರ್ಧ ಲೋಟ ಏರಿಸಿದರು. ಕಾಫಿ ಬಿಟ್ಟು ಬೇರೇನೂ ಕಾಣದ ಜೀವ. ಸ್ವಲ್ಪ ಹೊತ್ತಿಗೆ ಕಿವಿ ಕೆಂಪಾಯಿತು, ಶ್ಲೋಕಗಳು ರಾಗವಾಗಿ ಹೊರಟವು. “ಭದ್ರಾವತಿಗೆ ಹೋಗು ಮಾರಾಯ್ತಿ! ಯಾರು ಬೇಡ ಅಂದ್ರು?”

ಹಿಡಿದುಕೊಳ್ಳಬೇಕಾದ ಮಾತು. ಆದರೆ ನನ್ನ ಬಾಯಿ ಕೇಳಬೇಕಲ್ಲ! “ಈಗ ಬೇಡ ರೀ. ನಿಮ್ಮ ಮೂಡ್ ಸರಿಹೋಗ್ಲಿ, ಆಮೇಲೆ ಮಾತಾಡೋಣ.”

ಅತ್ತೆ ಸೆರಗನ್ನು ಬಾಯಿಗೊತ್ತಿಕೊಂಡು, ಬಾಟಲಿಯ ಚೀಟಿಯನ್ನು ಮಗನ ಮುಂದೆ ಹಿಡಿದರು. ಓದಿದ ಪಂಡಿತರು ಹೋಗಿ ಮಲಗಿದರು.

ಬೆಳಿಗ್ಗೆ ಟಿಫನ್ ಡಬ್ಬಿ ಕಟ್ಟಿಕೊಂಡು ನಿಂತೆ. ಸಿಕ್ಕ ಒಪ್ಪಿಗೆಯನ್ನು ನಾನೇ ಕೈಯಾರೆ ಬಿಟ್ಟಿದ್ದೆನಲ್ಲ. ಇವರು ಕಾಫಿ ಮುಗಿಸಿ ಕ್ಯಾಲೆಂಡರಿನ ಕಡೆ ತಿರುಗಿದರು. ಅಮ್ಮ ನೋಡುತ್ತಿರುವುದು ಕಂಡು ಕಣ್ಣು ಕೆಳಗಿಳಿಸಿದರು.

“ಭದ್ರಾವತಿ ಟ್ರೈನ್ ಎಷ್ಟೊತ್ತಿಗೆ?” ಎಂದರು. ಬಾಯಲ್ಲಿ ಕಾಫಿಯ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ.

ಸಂಜೆ ನಾನು ಕೆಲಸ ಮುಗಿಸಿ ಬರುವಷ್ಟರಲ್ಲಿ ಅತ್ತೆ ಬಾಟಲಿಯನ್ನು ದೇವರ ಕಪಾಟಿಗೆ ಸೇರಿಸಿದ್ದರು. ಸ್ವಯಂಭೂ ಅಲ್ಲವೇ, ಇರಬೇಕಾದ್ದು ಅಲ್ಲೇ.