ಖಾಲಿ ಕುರ್ಚಿಗೆ ಬೆಳಕು

ಮೊನ್ನೆ ಇಲ್ಲಿ ಕತಾರಿನ ಮುಶೈರಿಬ್ ಪೇಟೆಯ ಅಂಗಡಿಯೊಂದರಲ್ಲಿ ಹಳೇ ಕಾಲದ ದೊಡ್ಡ ಲೈಟು ಉರಿಯುತ್ತಿತ್ತು. ಬಿಸಿ ಬಲ್ಬಿನ ಮೇಲೆ ಧೂಳು ಸುಡುವ ವಾಸನೆ ಮೂಗಿಗೆ ಬಡಿಯಿತು. ಮದೀನತ್ ಖಲೀಫಾ ಬಡಾವಣೆಯಲ್ಲಿ ನಮ್ಮ ಕೆಳಗಿನ ಮನೆಯಲ್ಲಿದ್ದ ಅಂಕಲ್ ನೆನಪಾದರು…

ಕೋಲಾರದ ಕಡೆಯವರು. ಮದರಾಸಿಗೆ ಹೋಗಿ, ಲೈಟು ಹೊರುವ ಕೆಲಸದಿಂದ ಶುರುಮಾಡಿ, ತಮಿಳು ಸಿನಿಮಾದ ಕ್ಯಾಮೆರಾಮನ್ ಆಗಿ ಮೂವತ್ತು ವರ್ಷ ದುಡಿದವರು. ಎಷ್ಟೋ ನಾಯಕಿಯರ ಮುಖ ಬೆಳಗಿಸಿದ ಮನುಷ್ಯ ಹೆಂಡತಿಯದೊಂದು ಒಳ್ಳೇ ಫೋಟೋ ತೆಗೆದಿರಲಿಲ್ಲ. ಆಕೆ ತೀರಿಕೊಂಡ ಮೇಲೆ ಕತಾರಿನಲ್ಲಿದ್ದ ಮಗಳ ಮನೆ ಸೇರಿದರು. ಆ ಫೋಟೋ ತೆಗೆಯದ್ದೊಂದೇ ಕೊರಗು ಅವರಿಗೆ.

ಶೂಟಿಂಗ್‌ನಲ್ಲಿ ಲೈಟು ಹೊಂದಿಸುವಾಗ ನಾಯಕಿಯನ್ನು ಕಾಯಿಸುವುದಿಲ್ಲವಂತೆ. ಅಷ್ಟೇ ಎತ್ತರದ ಬೇರೆಯವರನ್ನು ಕೂರಿಸಿ, ಎಲ್ಲ ಸರಿಹೋದ ಮೇಲೆ ಎಬ್ಬಿಸುತ್ತಾರೆ. ಅವರ ಹೆಂಡತಿ ನನ್ನಷ್ಟೇ ಎತ್ತರ ಇದ್ದರಂತೆ. ಮಗಳು ವೆಸ್ಟ್ ಬೇ ಆಫೀಸಿಗೆ ಹೊರಟ ಮೇಲೆ ಅಂಕಲ್ ನಮ್ಮ ಬೆಲ್ ಒತ್ತುತ್ತಿದ್ದರು. ನಾನೋ, ಒಬ್ಬಳೇ ಕೂತು ಬೇಜಾರಾಗಿದ್ದವಳು, ಕೆಳಗೆ ಹೋಗಿ ಅವರಿಟ್ಟ ಕುರ್ಚಿಯಲ್ಲಿ ಕೂರುತ್ತಿದ್ದೆ. ನನ್ನ ಕೆನ್ನೆಯ ಹತ್ತಿರ ಮೀಟರ್ ಹಿಡಿದು ಬೆಳಕು ಅಳೆದು, "ಸಾಕು, ಏಳಮ್ಮ. ಅವಳು ಬರ್ತಾಳೆ" ಅನ್ನುತ್ತಿದ್ದರು. ಆಮೇಲೆ ರೀಲು ಹಾಕುವ ಹಳೇ ಕ್ಯಾಮೆರಾದಲ್ಲಿ ಖಾಲಿ ಕುರ್ಚಿಯ ಒಂದೇ ಒಂದು ಫೋಟೋ. ಪಾಪ ಅನ್ನಿಸುತ್ತಿತ್ತು.

ಒಂದು ದಿನ ತಮಾಷೆಗೆ ನಾನು ಏಳಲೇ ಇಲ್ಲ. "ಇವತ್ತು ನಂದೇ ತೆಗೀರಿ ಅಂಕಲ್" ಅಂದೆ.

ಅವರು ನನ್ನ ಹೆಗಲಿನ ಹಿಂದೆ ನೋಡಿದರು. ಮುಖ ಸಣ್ಣದಾಯಿತು. "ಎದ್ದೇಳಮ್ಮ… ಆಗ್ಲೇ ಬಂದು ನಿಂತಿದಾಳೆ."

ನಾನು ಎದ್ದೆನೋ ಬಿದ್ದೆನೋ ಎಂದು ಮೆಟ್ಟಿಲು ಹತ್ತಿದೆ. ಮರುದಿನ ಬೆಲ್ ಮೂರು ಸಲ ಹೊಡೆದುಕೊಂಡಿತು. ಬಾಗಿಲು ತೆರೆಯದೆ ಒಳಗೇ ಕೂತೆ. ಸಂಜೆ ಮಗಳು ಬೀಗ ತೆಗೆದಾಗ ಅಂಕಲ್ ಆ ಕುರ್ಚಿಯಲ್ಲೇ ಹೋಗಿಬಿಟ್ಟಿದ್ದರು. ಲೈಟು ಉರಿಯುತ್ತಲೇ ಇತ್ತಂತೆ…

ಮಗಳು ಚೆನ್ನೈನಲ್ಲಿ ರೀಲು ತೊಳೆಸಿ ಫೋಟೋ ತಂದಳು. ಎಲ್ಲದರಲ್ಲೂ ಖಾಲಿ ಕುರ್ಚಿ. ಕೊನೆಯದರಲ್ಲಿ ಮಾತ್ರ ಅಂಕಲ್ ಕೂತಿದ್ದರು, ನಾಚಿಕೊಂಡು ನಗುತ್ತಾ. ಹಣೆಯಿಂದ ಮೇಲಿನದು ಫೋಟೋದೊಳಗೆ ಬಂದಿರಲಿಲ್ಲ.

"ನೀವು ತೆಗೆದ್ರಾ ಅಕ್ಕ?" ಎಂದು ಕೇಳಿದಳು.

"ಅಯ್ಯೋ, ನಾನು ಅವತ್ತು ಬರಲೇ ಇಲ್ವಲ್ಲೇ! ತಾನೇ ತೆಗೆಯೋ ಬಟನ್ ಇರುತ್ತಲ್ಲ, ಅದನ್ನ ಒತ್ತಿರಬೇಕು."

"ಈ ಕ್ಯಾಮೆರಾಗೆ ಅದಿಲ್ಲ." ಅವಳು ಫೋಟೋದ ಮೇಲಂಚಿಗೆ ಬೆರಳಿಟ್ಟಳು. "ಅಮ್ಮ ಯಾರ ಫೋಟೋ ತೆಗೆದ್ರೂ ಹೀಗೇ ತಲೆ ಕಟ್ ಆಗ್ತಿತ್ತು…"

ಅವಳೂ ಈಗ ಕತಾರ್ ಬಿಟ್ಟಿದ್ದಾಳೆ. ಅಂಕಲ್ ಇಲ್ಲದ ಆ ಮನೆಯ ಮುಂದೆ ಹಾದುಹೋಗುವಾಗ ಬೇಗ ಬೇಗ ಹೆಜ್ಜೆ ಹಾಕುತ್ತೇನೆ. ಒಬ್ಬರನ್ನೇ ಬಿಟ್ಟೆನಲ್ಲ ಎಂದು ಅತ್ತದ್ದೂ ಉಂಟು. ಆದರೆ ಅಂದು ನಾನು ಬಾಗಿಲು ತೆರೆದಿದ್ದರೆ, ಆ ಕುರ್ಚಿಯಲ್ಲಿ ಕೂತಿರುತ್ತಿದ್ದವಳು ನಾನು.