ಮುಷ್ಟಿಗೆ ಸಿಕ್ಕ ಸಕ್ಕರೆ

ಅಮೆರಿಕದ ಟೆನೆಸಿ ರಾಜ್ಯದ ಪಶ್ಚಿಮದ ಆ ಊರಿನಲ್ಲಿ ಚರ್ಚಿನ ವರ್ಷದ ಊಟದ ಹಂದಿಮಾಂಸಕ್ಕೆ ಮಸಾಲೆ ಹಚ್ಚುವವಳು ಒಬ್ಬಳೇ, ವರ್ಲೀನ್. ಗಂಡ ಇದ್ದಾಗ ಬೆಂಕಿ ಅವನದು, ಮಸಾಲೆ ಇವಳದು. ಅವನು ಹೋದ ಮೇಲೂ ಮಸಾಲೆ ಇವಳದೇ. ತಕ್ಕಡಿಯಿಲ್ಲ, ಅಳತೆಯಿಲ್ಲ. ಬೋಗುಣಿಯ ಮೇಲೆ ಬಾಗಿ ಒಮ್ಮೆ ಮೂಸಿದರೆ ಸಾಕು, ಏನು ಕಡಿಮೆ ಏನು ಹೆಚ್ಚು ಎಂದು ಹೇಳಿಬಿಡುವಳು.

ಹೋದ ಚಳಿಗಾಲದ ಜ್ವರ ಆ ಮೂಗನ್ನೇ ಕಸಿದುಕೊಂಡಿತು. ಊರಿಗೆ ಹೇಳಿರಲಿಲ್ಲ. ಆದರೆ ಪಾದ್ರಿಯ ಮನೆಯಲ್ಲಿ ಹಳಸಿದ ಹಾಲು ಕುಡಿದು ಹೊಗಳಿದ ಮೇಲೆ ಯಾರಿಗೆ ತಿಳಿಯದು?

ಊಟದ ಹಿಂದಿನ ದಿನ ಮಧ್ಯಾಹ್ನ ಸೊಸೆ ಡೊರೀತಾ ತಾನೇ ಉಪ್ಪು, ಖಾರ, ಕಂದು ಸಕ್ಕರೆ ಸೇರಿಸಿ ಮಸಾಲೆ ಪುಡಿ ಕಲಸಿಟ್ಟಳು. ಅಷ್ಟರಲ್ಲಿ ಚರ್ಚಿನ ಹಿರಿಯ ಕ್ಲೀವನ್ ಅಂಗಡಿಯ ಮಸಾಲೆ ಡಬ್ಬ ಹಿಡಿದು ಬಂದ.

"ಮುನ್ನೂರು ಜನರ ಊಟ, ವರ್ಲೀನಕ್ಕ. ಇನ್ಮೇಲೆ ಡಬ್ಬದ್ದೇ ಹಾಕೋಣ. ನೀವು ಆರಾಮಾಗಿ ಕೂತ್ಕೊಳ್ಳಿ."

"ಕೂತ್ರೆ ನಂಗೆ ಸೊಂಟ ನೋಯುತ್ತೆ. ಡಬ್ಬದ್ದು ನಿನ್ನ ಕೋಳಿಗೆ ಹಾಕ್ಕೋ, ಅದು ಹೇಗೂ ಸೀದೇ ಇರುತ್ತೆ."

ಅಂದವಳೇ ಬೋಗುಣಿಗೆ ಕೈಯಿಟ್ಟು ಒಂದು ಹಿಡಿ ಪುಡಿ ತೆಗೆದು ಹಿಸುಕಿದಳು. ಮುಷ್ಟಿ ಬಿಚ್ಚಿದರೆ ಪುಡಿ ಉದುರಲಿಲ್ಲ. ಬೆರಳಚ್ಚು ಹೊತ್ತು ಉಂಡೆಯಾಗಿ ಕೂತಿತು.

"ಡೊರೀತಾ, ಸಕ್ಕರೆ ಎರಡು ಸಲ ಬಿದ್ದಿದೆ."

ಕಲಸುವ ನಡುವೆ ಮಗು ಅತ್ತಿತ್ತು. ಎತ್ತಿಕೊಂಡು ಬಂದು ಮತ್ತೆ ಆ ಅಂಟಂಟು ಕಂದು ಸಕ್ಕರೆ ಸುರಿದಿದ್ದು ಡೊರೀತಾಳಿಗೆ ಈಗ ನೆನಪಾಯಿತು.

"ಹಿಂಗೇ ಕೆಂಡದ ಮೇಲಿಟ್ಟಿದ್ರೆ ಸಕ್ಕರೆ ಸೀದು ಊರಿಗೆಲ್ಲ ಇದ್ದಲು ಬಡಿಸ್ತಿದ್ವಿ. ಉಪ್ಪು, ಮೆಣಸಿನ ಪುಡಿ, ಬೆಳ್ಳುಳ್ಳಿ ಪುಡಿ, ಎಲ್ಲ ತಾ."

ಸೇರಿಸುವುದು, ಹಿಸುಕುವುದು, ಮತ್ತೆ ಸೇರಿಸುವುದು. ಕೊನೆಗೆ ಉಂಡೆ ಅಂಗೈಯಲ್ಲೇ ಮರಳಿನಂತೆ ಸಡಿಲಿತು. ಮಾಂಸಕ್ಕೆ ತೆಳುವಾಗಿ ಸಾಸಿವೆ ಲೇಪ ಬಳಿದು, ಮೇಲಿಂದ ಪುಡಿ ಉದುರಿಸಿದರು.

"ಉಜ್ಜಬೇಡ ಕಣೇ, ಸಾಸಿವೆ ಎದ್ದು ಬರುತ್ತೆ. ಮಗೂನ ಬೆನ್ನು ತಟ್ಟೋ ಹಾಗೆ ತಟ್ಟು."

ಹನ್ನೆರಡು ಭಾರೀ ತುಂಡುಗಳು ಮೇಜಿನ ಮೇಲೆ ಉಪ್ಪಿಗೆ ನೀರು ಬಿಟ್ಟು ಬೆವರತೊಡಗಿದವು. ಒಣಪುಡಿ ನೋಡನೋಡುತ್ತ ತೇವಗೊಂಡು ಕಡುಗೆಂಪಾಯಿತು. ಕ್ಲೀವನ್ ಟೋಪಿ ತೆಗೆದು ನಿಂತಿದ್ದ. ಸಂಜೆಯಾಗುತ್ತಲೇ ತಗ್ಗಿದ ದನಿಯಲ್ಲಿ ಕೇಳಿದ:

"ಯಾವುದು ಮೊದಲು ಕೆಂಡದ ಮೇಲಿಡ್ಲಿ, ಅಕ್ಕ?"

ವರ್ಲೀನ್ ಬೆರಳ ಹಿಂಬದಿಯಿಂದ ಒಂದೊಂದನ್ನೇ ಮುಟ್ಟುತ್ತ ನಡೆದಳು. "ಇದಲ್ಲ. ಇದೂ ಅಲ್ಲ. ಹ್ಞಾಂ, ಇದು."

ನೋಡಲು ಎಲ್ಲವೂ ಒಂದೇ ಥರ. ಡೊರೀತಾ ಹಿಂದೆಯೇ ಹೋಗಿ ಮುಟ್ಟಿ ನೋಡಿದಳು. ಬೇಡವೆಂದ ತುಂಡಿನಿಂದ ಬೆರಳಿಗೆ ಕೆಂಪು ಹತ್ತಿತು. ಆರಿಸಿದ ತುಂಡಿನಲ್ಲಿ ಪುಡಿ ಮಾಂಸಕ್ಕೆ ಕಚ್ಚಿಕೊಂಡಿತ್ತು, ಒಂದು ಕಣವೂ ಏಳಲಿಲ್ಲ.