ಮುನಿತಾಯಮ್ಮನ ಬಲಗಾಲು

ಹೆಗ್ಗನಹಳ್ಳಿಯ ಮುನಿತಾಯಮ್ಮನಿಗೆ ಗಾಡಿ ಓಡಿಸಲು ಬರುವುದಿಲ್ಲ. ಆದರೂ ಶಾಲೆ ಮಕ್ಕಳ ವ್ಯಾನಿನಲ್ಲಿ ಕೂತರೆ, ಎದುರಿಗೆ ಏನು ಅಡ್ಡ ಬಂದರೂ ಅವಳ ಬಲಗಾಲು ತಾನಾಗಿ ನೆಲ ಒತ್ತುತ್ತದೆ. ಸಂಜೆ ಮನೆ ಸೇರುವಷ್ಟರಲ್ಲಿ ಮೀನಖಂಡ ಕಲ್ಲಾಗಿರುತ್ತದೆ.

ಗಂಡ ಬೆಟ್ಟಯ್ಯ ಇರುವಾಗ ಈ ಕಾಟವಿರಲಿಲ್ಲ. ವ್ಯಾನು ಅವನದು, ಅದರ ಕಾಯಿಲೆ ನೋಡುತ್ತಿದ್ದವನು ಸುಂಕದಕಟ್ಟೆಯ ಮೆಕ್ಯಾನಿಕ್ ರಾಮಯ್ಯ. ಬ್ರೇಕು ಬಿಚ್ಚಿ ಕಟ್ಟಿದ ದಿನ ರಾಮಯ್ಯ ತಾನೇ ಒಳಗೆ ಕೂತು ಒಂದು ಇಳಿಜಾರು ಇಳಿಯದೆ ಕೀ ಕೊಡುತ್ತಿರಲಿಲ್ಲ. ಬೆಟ್ಟಯ್ಯ ಹೋದ ಮೇಲೆ ಸ್ಟೇರಿಂಗು ಸೊಸೆ ಕಲಾಳ ಕೈಗೆ ಬಂತು. ಬಾಗಿಲು ತೆಗೆದು ಮಕ್ಕಳನ್ನು ಹತ್ತಿಸಿ ಇಳಿಸುವ ಕೆಲಸ ಅತ್ತೆಯದು. ಅಷ್ಟರಲ್ಲಿ ರಾಮಯ್ಯನೂ ಕಣ್ಣು ಮಂಜಾಗಿ ಅಂಗಡಿ ಮುಚ್ಚಿದ. ಅಲ್ಲಿಂದ ಶುರುವಾಯಿತು ಅಲೆದಾಟ. ಒಬ್ಬ ಕ್ಲಚ್ಚು ಹೋಗಿದೆ ಎಂದು ಬಿಚ್ಚಿದರೆ, ಇನ್ನೊಬ್ಬ ಚೆನ್ನಾಗಿದ್ದ ಕ್ಲಚ್ಚು ಯಾವನು ಮುಟ್ಟಿದ್ದು ಎಂದು ಬೈಯುತ್ತಿದ್ದ.

ಈ ಸಲ ಬ್ರೇಕೇ ಮೆತ್ತಗಾಯಿತು. ಮುನಿತಾಯಮ್ಮ ತನಗೆ ತಿಳಿದ ದಾರಿ ಹಿಡಿದಳು. ಆಯುಧಪೂಜೆಗೆ ಬೆಟ್ಟಯ್ಯ ತನ್ನ ವ್ಯಾನಿಗೆ ಹೂ ಮುಡಿಸಿ, ರಾಮಯ್ಯನ ಅಂಗಡಿ ಮುಂದೆಯೇ ಬೂದುಗುಂಬಳ ಒಡೆಸುತ್ತಿದ್ದ. ನಂಬಿದವನ ಬಾಗಿಲಿಗೆ ತಾನೇ ಜನ ಹೋಗುವುದು? ಹಬ್ಬದ ದಿನ ಬೀದಿ ಸುತ್ತಿ ನೋಡಿದಳು. ಮಾಗಡಿ ರೋಡಿನ ದೊಡ್ಡ ಗ್ಯಾರೇಜಿನ ಮುಂದೆ ಗಾಡಿಗಳು ಸಾಲುಗಟ್ಟಿದ್ದವು.

"ಅಲ್ಲೇ ಬಿಡೋಣ ಕಣೇ."

"ಅತ್ತೆ, ಅಲ್ಲಿ ಹೂವು, ಸ್ವೀಟ್ ಬಾಕ್ಸು ಎಲ್ಲಾ ಫ್ರೀ ಅಂತೆ. ಅದಕ್ಕೆ ಬಂದಿರ್ತಾರೆ."

"ಎಲ್ರೂ ನಿನ್ನಂಗೇ ಬಾಯಿಚಪಲದೋರಾ? ಸುಮ್ನಿರು."

ಹಬ್ಬ ಕಳೆದ ಮೇಲೆ ಅಲ್ಲೇ ಬಿಟ್ಟರು. ವ್ಯಾನು ಫಳಫಳ ಹೊಳೆಯುತ್ತಾ ವಾಪಸು ಬಂತು. ಮರುವಾರ ಮಕ್ಕಳನ್ನು ತುಂಬಿಕೊಂಡು ಇಳಿಜಾರಿನಲ್ಲಿ ಬರುವಾಗ ಕಲಾ ತುಳಿದ ಬ್ರೇಕು ನೆಲಕ್ಕೇ ಹೋಯಿತು. ಹ್ಯಾಂಡ್‌ಬ್ರೇಕ್ ಎಳೆದು, ಯಾರೋ ಮನೆ ಕಟ್ಟಿಸಲು ಸುರಿಸಿದ್ದ ಮರಳಿಗೆ ವ್ಯಾನಿನ ಮೂತಿ ಹೂತು ನಿಲ್ಲಿಸಿದಳು. ಮಕ್ಕಳು ಆಟವೆಂದುಕೊಂಡು, "ಇನ್ನೊಂದ್ಸಲ ಆಂಟಿ," ಎಂದವು. ಮುನಿತಾಯಮ್ಮ ಬಾಗಿಲು ತೆಗೆದು ಒಬ್ಬೊಬ್ಬರನ್ನೇ ಇಳಿಸಿದಳು.

ಮಕ್ಕಳನ್ನು ಆಟೋದಲ್ಲಿ ಮನೆ ಮುಟ್ಟಿಸಿ, ಅತ್ತೆ ಸೊಸೆ ಗ್ಯಾರೇಜಿಗೆ ನಡೆದರು.

"ಹಳೇ ಗಾಡಿ ಆಂಟಿ, ಹಂಗೇ ಆಗೋದು," ಎಂದ ಮಾಲೀಕ.

"ಬ್ರೇಕ್ ಕೆಲಸ ಮಾಡಿದೋರು ಯಾರಪ್ಪ?"

"ಯಾರೋ ಹುಡುಗ್ರು ಮಾಡಿರ್ತಾರೆ. ಹಬ್ಬಕ್ಕೆ ಸ್ವೀಟ್ ತಗೊಂಡ್ರಾ ನೀವು?"

ಮುನಿತಾಯಮ್ಮ ಜಗಳಕ್ಕೆ ನಿಲ್ಲಲಿಲ್ಲ. ಕಾಲೆಳೆದುಕೊಂಡು ರಾಮಯ್ಯನ ಮನೆಗೆ ಹೋದಳು. ಅವನು ಎಲ್ಲ ಕೇಳಿ ನಕ್ಕ.

"ಪೂಜೆ ನೋಡಿ ಪೂಜಾರಿನ ಆರಿಸ್ಬೇಕು ತಾಯಿ, ಮೆಕ್ಯಾನಿಕ್‌ನ ಅಲ್ಲ. ನಮ್ಮ ಹಿಂದಿನ ಗಲ್ಲೀಲಿ ಗೋಪೀನಾಥ ಅಂತ ಇದಾನೆ. ಹಬ್ಬಕ್ಕೆ ಬಾಗಿಲು ಹಾಕ್ಕೊಂಡು ಊರಿಗೆ ಹೋಗ್ತಾನೆ, ನಿಮ್ಮ ಕಣ್ಣಿಗೆ ಹೆಂಗೆ ಬಿದ್ದಾನು. ಮಾತು ಮಾತ್ರ ಒರಟು."

ಗೋಪೀನಾಥ ಮರಳಿನ ಹತ್ತಿರಕ್ಕೇ ಬಂದು, ವ್ಯಾನಿನ ಕೆಳಗೆ ನುಗ್ಗಿ ಹೊರಬಂದ.

"ಇದ್ರಲ್ಲಿ ಮಕ್ಕಳನ್ನ ಕೂರಿಸಿದ್ರಾ? ಮುಗಿಯೋ ತನಕ ಗಾಡಿ ಕೇಳ್ಬೇಡಿ."

"ಅಲ್ಲೀ ತನಕ ಮಕ್ಕಳು ಸ್ಕೂಲಿಗೆ?"

"ಬಸ್ಸಲ್ಲಿ ಹೋಗ್ತಾರೆ. ವಾಪಸ್ ಬರ್ತಾರಲ್ಲ, ಅದು ನೋಡಿ."

ಕೆಲಸ ಮುಗಿದ ದಿನ ಕಲಾ ಕೀಗೆ ಕೈ ಚಾಚಿದಳು. ಅವನು ಕೈ ಒರೆಸಿಕೊಂಡು ಕೀ ಕೊಟ್ಟವನೇ ಹಿಂದಿನ ಬಾಗಿಲು ಸರಿಸಿ, ಮಕ್ಕಳ ಸೀಟಿನಲ್ಲಿ ಮಂಡಿ ಮಡಚಿ ಕೂತ.

"ನಡೀರಿ, ಅದೇ ಇಳಿಜಾರಿಗೆ."

ಯಾರೂ ಹೇಳದೆಯೇ ಕೂತನಲ್ಲ ಎಂದು ಪಕ್ಕ ಹತ್ತಿ ಕೂತ ಮುನಿತಾಯಮ್ಮ ಅವನ ಮುಖವನ್ನೇ ನೋಡಿದಳು. ಇಳಿಜಾರು ಬಂತು. ಅವಳ ಬಲಗಾಲು ನೆಲ ಒತ್ತಿತು.

"ಅಮ್ಮ, ಇಲ್ಲಿ ನೀವೂ ಬ್ರೇಕ್ ಹಾಕಿದ್ರೆ ನನ್ ಕೆಲ್ಸ ಹೆಂಗೆ ಗೊತ್ತಾಗೋದು? ಕಾಲು ಮೇಲಿಡಿ."

ಕಾಲು ಮಡಚಿ ಸೀಟಿನ ಮೇಲಿಟ್ಟುಕೊಂಡಳು. ವ್ಯಾನು ಮರಳಿಗಿಂತ ಎಷ್ಟೋ ಹಿಂದೆಯೇ ಮೆಲ್ಲಗೆ ನಿಂತಿತು.

"ಇನ್ನೊಂದ್ಸಲ ಹೋಗೋಣ ಕಣೇ," ಎಂದಳು.

ಕಲಾ ವ್ಯಾನು ತಿರುಗಿಸಿ ಮೇಲೆ ಹತ್ತಿಸಿದಳು. ಎರಡನೇ ಸಲ ಇಳಿದದ್ದು ಮುನಿತಾಯಮ್ಮನಿಗೆ ತಿಳಿಯಲಿಲ್ಲ. ಕಿಟಕಿಗೆ ತಲೆ ಒರಗಿಸಿ ನಿದ್ದೆ ಹೋಗಿದ್ದಳು.